ಹಸಿದ ಹಿಟ್ಟು

"ಅಜ್ಜಾರ, ಎರಡು ಸಲ ಕಳಿಸಿದ್ರಿ, ಎರಡು ಸಲಾನೂ ತಿರುಗಿ ಬಂದೆ. ನನ್ನಲ್ಲಿ ಯೋಗ್ಯತೆ ಇಲ್ಲೇನು?" ಎಂದು ಶಿಷ್ಯ ಪಂಪಣ್ಣ ಮಠದ ಗುರುಗಳನ್ನು ಕೇಳಿದ.

ಅವನೇ ಮುಂದುವರಿಸಿದ. "ಇಲ್ಲಂದ್ರ ಇಲ್ಲ ಅಂತ ಹೇಳಿಬಿಡ್ರಿ. ನಾಳೆ ಊರಿಗೆ ಹೋಗಿ ಮಗ್ಗದ ಮುಂದ ಕೂಡ್ತೀನಿ. ಮತ್ತ ಈ ಮಾತು ಎತ್ತಂಗಿಲ್ಲ."

ಪಂಪಣ್ಣ ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಅವನ ಜೊತೆಯ ಶಿಷ್ಯರು ಮೊದಲ ಮೂರು ವರ್ಷಗಳಲ್ಲೇ ಒಬ್ಬೊಬ್ಬರಾಗಿ ಬೇರೆ ಊರು ಸೇರಿ ಅಲ್ಲೇ ಬೇರೂರಿದ್ದರು. ಮಠದಲ್ಲಿ ಉಳಿದವರು ಗುರುಗಳು ಮತ್ತು ಅವನು, ಇಬ್ಬರೇ. ನಾಲ್ಕನೆಯ ವರ್ಷ ಗುರುಗಳು ಅವನನ್ನು ನದಿಯಾಚೆಯ ಶಾಖಾಮಠಕ್ಕೆ ಕಳಿಸಿದರು. ಅಲ್ಲಿನ ಜನ ದುಃಖ ಹೇಳಿಕೊಳ್ಳಲು ಬಂದರು, ಸಂಶಯ ಕೇಳಲು ಬಂದರು. ಮೂರು ತಿಂಗಳಿಗೆ ಪಂಪಣ್ಣನ ಬಳಿಯಿದ್ದ ಮಾತೆಲ್ಲ ತೀರಿತು. ಮಗುವನ್ನು ಕಳೆದುಕೊಂಡ ಒಬ್ಬ ತಾಯಿಯ ಮುಂದೆ ಏನು ಹೇಳಬೇಕೋ ತಿಳಿಯದೆ ತಲೆ ತಗ್ಗಿಸಿ ಕುಳಿತ. ಮರುದಿನ ಜೋಳಿಗೆ ಹೆಗಲಿಗೇರಿಸಿ ಹಿಂದಿರುಗಿದ. ಏಳನೆಯ ವರ್ಷ ಇನ್ನೊಮ್ಮೆ ಹೋದ. ಆ ಸಲ ಆರು ತಿಂಗಳು ತಾಳಿ ಮತ್ತೆ ಹಿಂದಿರುಗಿದ.

"ಕುಳಿತುಕೋ" ಎಂದರು ಗುರುಗಳು. "ಒಂದು ಕತೆ ಹೇಳುತ್ತೇನೆ. ಮಗ್ಗ ಎಲ್ಲಿಗೂ ಓಡಿಹೋಗುವುದಿಲ್ಲ."

ಗುರುಗಳು ಪೂರ್ವಾಶ್ರಮದಲ್ಲಿ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವರು. ಕಾವಿ ಉಟ್ಟ ಮೇಲೂ ಪಾಠ ಹೇಳುವ ಚಟ ಬಿಟ್ಟಿರಲಿಲ್ಲ, ಪುಸ್ತಕದ ಕನ್ನಡವೂ ಬಿಟ್ಟಿರಲಿಲ್ಲ. ಅವರು ಹೇಳಿದ ಕತೆ ಇದು.

ಒಂದು ಬಂದರಿನ ಊರಿನಲ್ಲಿ ಬ್ರೆಡ್ಡು ಮಾಡುವವಳೊಬ್ಬಳಿದ್ದಳು. ಹಿಂದೆಮುಂದೆ ಯಾರೂ ಇರಲಿಲ್ಲ. ಅವಳಿಗೆ ಕಸುಬು ಕಲಿಸಿದಾಕೆ ಸಾಯುವಾಗ ಒಂದು ಭರಣಿ ಹುಳಿಹಿಟ್ಟನ್ನು ಬಿಟ್ಟುಹೋಗಿದ್ದಳು. ಅಂಗಡಿಯ ಯೀಸ್ಟ್ ಪುಡಿ ಆ ಊರಿಗೆ ಇನ್ನೂ ಬಂದಿರದ ಕಾಲ. ಹುಳಿಹಿಟ್ಟಿನ ಒಂದು ಮುದ್ದೆಯನ್ನು ಹೊಸ ಹಿಟ್ಟಿಗೆ ಸೇರಿಸಿದರೆ ಅದು ಉಬ್ಬುತ್ತದೆ, ಬ್ರೆಡ್ಡು ಮೆತ್ತಗಾಗುತ್ತದೆ. ಬೇಯಿಸುವ ಮೊದಲು ಒಂದು ಮುದ್ದೆ ಎತ್ತಿಟ್ಟುಕೊಂಡರೆ ನಾಳೆಗೂ ಆಯಿತು, ನಾಡಿದ್ದಿಗೂ ಆಯಿತು. ಸರಿಯಾಗಿ ನೋಡಿಕೊಂಡರೆ ಅದಕ್ಕೆ ಸಾವಿಲ್ಲ.

ಅದನ್ನು ಉಬ್ಬಿಸುವುದು ಕಣ್ಣಿಗೆ ಕಾಣದ ಜೀವಗಳು. ಸೂಕ್ಷ್ಮದರ್ಶಕದಲ್ಲಿ ನಾನು ಅವನ್ನು ಗಂಟೆಗಟ್ಟಲೆ ನೋಡಿದ್ದೇನೆ. ಚೆಂದವೇನೂ ಇಲ್ಲ, ನೆನೆಸಿದ ಸಬ್ಬಕ್ಕಿ ಕಾಳಿನ ಹಾಗಿರುತ್ತವೆ. ಆದರೆ ಅವುಗಳಿಗಿರುವ ಶಿಸ್ತು ನಿನಗಿಲ್ಲ, ನನಗೂ ಇಲ್ಲ. ಆ ಜೀವ ಮೊದಲು ತಿನ್ನುತ್ತದೆ. ತಿಂದದ್ದರಲ್ಲಿ ಒಂದಿಷ್ಟನ್ನು ಮೈಯೊಳಗೆ ಕೂಡಿಡುತ್ತದೆ. ಮೈ ಒಂದು ಅಳತೆಗೆ ಬೆಳೆಯುವ ತನಕ ಎರಡಾಗುವ ಯೋಚನೆಯನ್ನೇ ಮಾಡುವುದಿಲ್ಲ. ಅಳತೆ ಮುಟ್ಟಿದ ಮೇಲೆ ಪಕ್ಕದಲ್ಲಿ ಒಂದು ಮೊಗ್ಗು ಬಿಡುತ್ತದೆ. ಒಮ್ಮೆ ಹೊರಟಿತೆಂದರೆ ಹಿಂದೆ ಸರಿಯುವುದಿಲ್ಲ. ಕೂಡಿಟ್ಟದ್ದನ್ನು ಕರಗಿಸಿಯಾದರೂ ಮೊಗ್ಗನ್ನು ಬೆಳೆಸಿ ಬೇರೆ ಮಾಡುತ್ತದೆ. ಬೇರೆಯಾದ ಮಗಳು ತಾಯಿಗಿಂತ ಚಿಕ್ಕವಳು. ಅವಳು ತನ್ನದೊಂದು ಮೊಗ್ಗು ಬಿಡುವ ಮೊದಲು ತಾಯಿಗಿಂತ ಹೆಚ್ಚು ಹೊತ್ತು ತಿಂದು ಬೆಳೆಯಬೇಕು. ಆಹಾರ ತೀರಿದರೆ ಎಲ್ಲವೂ ಮೊಗ್ಗು ಬಿಡುವುದನ್ನು ನಿಲ್ಲಿಸುತ್ತವೆ. ಒಳಗಿದ್ದದ್ದನ್ನೇ ತಿನ್ನುತ್ತ ಸುಮ್ಮನೆ ಕಾಯುತ್ತವೆ.

ಇನ್ನೊಂದು ಸಂಗತಿ. ಮಗಳು ಕಳಚಿಕೊಂಡ ಜಾಗದಲ್ಲಿ ತಾಯಿಯ ಮೈಮೇಲೆ ಗಾಯದ ಗುರುತು ಉಳಿಯುತ್ತದೆ. ಎಷ್ಟು ಮಕ್ಕಳೋ ಅಷ್ಟು ಗುರುತು. ಅದನ್ನು ಮೊದಲ ಸಲ ಕಂಡ ದಿನ ನನಗೆ ಪಾಠ ಮುಂದುವರಿಸಲು ಮನಸ್ಸಾಗಲಿಲ್ಲ. ಹುಡುಗರಿಗೆ ರಜೆ ಸಿಕ್ಕಿತೆಂದು ಖುಷಿಯಾಯಿತು.

ಬ್ರೆಡ್ಡಿನವಳು ಇದನ್ನೆಲ್ಲ ನೋಡಿದವಳಲ್ಲ. ನೋಡದೆಯೂ ಅವಳಿಗೆ ಗೊತ್ತಿತ್ತು. ಕಲಿಸಿದಾಕೆ ಹೇಳಿಕೊಟ್ಟಿದ್ದಳು. ಹಿಟ್ಟಿಗೆ ಉಣಿಸದೆ ಪಾಲು ಮಾಡಬೇಡ. ಹೊಸ ಹಿಟ್ಟು ಕೊಡು, ನೀರು ಕೊಡು, ಉಬ್ಬುವ ತನಕ ಕಾಯಿ. ಒಂದು ಚಿಟಿಕೆ ತೆಗೆದು ನೀರಿಗೆ ಬಿಟ್ಟು ನೋಡು. ಮುಳುಗಿದರೆ ಇನ್ನೂ ಹೊತ್ತಿದೆ. ತೇಲಿದರೆ ಪಾಲು ಮಾಡು.

ಕೇಳಿ ಬಂದವರಿಗೆ ಹುಳಿಹಿಟ್ಟು ಇಲ್ಲ ಎನ್ನಬಾರದೆಂಬುದು ಆ ಕಸುಬಿನವರ ಪದ್ಧತಿ. ಅವಳೂ ಕೊಡುತ್ತಿದ್ದಳು. ಕೊಟ್ಟದ್ದು ಅವರವರ ಮನೆಯಲ್ಲಿ ಬದುಕುತ್ತಿತ್ತು. ಹಾಗಾಗಿ ಒಮ್ಮೆ ಒಯ್ದವರು ಮತ್ತೆ ಬರುತ್ತಿರಲಿಲ್ಲ. ಬರುವುದಕ್ಕೆ ಕಾರಣವೇ ಇರಲಿಲ್ಲ. ಬೇಯಿಸಿದ ಬ್ರೆಡ್ಡನ್ನು ಹಡಗಿನವರು ಬುಟ್ಟಿಗಟ್ಟಲೆ ಹೊತ್ತೊಯ್ಯುತ್ತಿದ್ದರು, ಆದರೆ ಹಡಗಿನವರಿಗೆ ಯಾವಾಗಲೂ ಅವಸರ. ಬುಟ್ಟಿಗಳು ಹೋದ ಮೇಲೆ ಆ ಮನೆಯಲ್ಲಿ ಮರುದಿನದ ತನಕ ಒಂದು ಮಾತೂ ಹುಟ್ಟುತ್ತಿರಲಿಲ್ಲ.

ಒಂದು ದಿನ ಅವಳಿಗೆ ಜ್ವರ ಬಂದಿತ್ತು. ಹಿಟ್ಟಿಗೆ ಉಣಿಸಿರಲಿಲ್ಲ. ಅದೇ ಹೊತ್ತಿಗೆ ಪಕ್ಕದ ಕೇರಿಯ ಹೆಂಗಸೊಬ್ಬಳು ಕೇಳಿಕೊಂಡು ಬಂದಳು. ಹಸಿದು ಕುಸಿದಿದ್ದ ಹಿಟ್ಟಿನಲ್ಲೇ ಒಂದು ಮುದ್ದೆ ಮುರಿದು ಕೊಟ್ಟಳು. ಎಂಟು ದಿನದ ಮೇಲೆ ಆ ಹೆಂಗಸು ತಿರುಗಿ ಬಂದಳು. ಹಿಟ್ಟು ಉಬ್ಬಲಿಲ್ಲ, ಬೂಸ್ಟು ಹಿಡಿಯಿತು ಎಂದಳು. ಬಂದವಳು ಜಗಲಿಯಲ್ಲಿ ಕುಳಿತಳು. ಕಾಫಿ ಕುಡಿದಳು. ಅತ್ತೆಯ ಮೇಲೆ ದೂರು ಹೇಳಿದಳು, ತಂಗಿಯ ಮದುವೆಯ ಸುದ್ದಿ ಹೇಳಿದಳು, ಸಂಜೆಯ ತನಕ ಏಳಲಿಲ್ಲ. ಬ್ರೆಡ್ಡಿನವಳಿಗೆ ಆ ದಿನ ಎಷ್ಟು ಸಂತೋಷವಾಯಿತೆಂದರೆ, ಜ್ವರ ಬಂದದ್ದೇ ಒಳ್ಳೆಯದಾಯಿತು ಎನ್ನಿಸಿತು.

ಆಮೇಲೆ ಏನು ಮಾಡಿದಳೆಂದು ಬಿಡಿಸಿ ಹೇಳಬೇಕೆ? ಹೇಳಿಯೇಬಿಡುತ್ತೇನೆ. ಬಂದವರಿಗೆಲ್ಲ ಹಸಿದ ಹಿಟ್ಟನ್ನೇ ಕೊಡತೊಡಗಿದಳು. ತನ್ನ ಬ್ರೆಡ್ಡಿಗೆ ಬೇಕಾದದ್ದನ್ನು ಮಾತ್ರ ಉಣಿಸಿ, ಕಾದು, ತೇಲಿಸಿ ನೋಡಿ ಪಾಲು ಮಾಡಿಕೊಳ್ಳುತ್ತಿದ್ದಳು. ಕೆಟ್ಟವಳಲ್ಲ. ಇಲ್ಲ ಎನ್ನಲಿಲ್ಲವಲ್ಲ, ಕೇಳಿದ್ದನ್ನು ಕೊಟ್ಟೆನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಒಯ್ದವರ ಹಿಟ್ಟು ಸಾಯುತ್ತಿತ್ತು. ಅವರು ತಿರುಗಿ ಬರುತ್ತಿದ್ದರು. ಜಗಲಿಯಲ್ಲಿ ಯಾವಾಗಲೂ ಯಾರಾದರೊಬ್ಬರು ಇರುತ್ತಿದ್ದರು.

ಹೀಗಿರುವಾಗ ಘಟ್ಟದ ಮೇಲಿನ ಒಂದು ಆಸ್ಪತ್ರೆಯ ಅಡುಗೆಯವಳು ಎರಡು ದಿನ ನಡೆದು ಬಂದಳು. ಅಲ್ಲಿ ಬಾಯಿಯೆಲ್ಲ ಹುಣ್ಣಾದ ರೋಗಿಗಳಿದ್ದರು. ಅನ್ನ ನುಂಗಲಾರರು. ಗಂಜಿ ಕುಡಿದು ಕುಡಿದು ಬಟ್ಟಲು ಕಂಡರೆ ಮುಖ ತಿರುಗಿಸುತ್ತಿದ್ದರು. ಮೆತ್ತನೆಯ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಕೊಟ್ಟರೆ ನಾಲ್ಕು ತುತ್ತು ಇಳಿದೀತು ಎಂದು ಡಾಕ್ಟರು ಹೇಳಿದ್ದರಂತೆ. ಬ್ರೆಡ್ಡಿನವಳು ಅವಳಿಗೂ ಹಸಿದ ಹಿಟ್ಟು ಕೊಟ್ಟಳು. ದಾರಿಯಲ್ಲೇ ಅದು ಸತ್ತಿತು. ಅಡುಗೆಯವಳು ಎರಡನೆಯ ಸಲ ಬಂದಳು. ಆಗಲೂ ಹಸಿದ ಹಿಟ್ಟೇ ಸಿಕ್ಕಿತು. ಅದನ್ನು ಸೆರಗಿನಲ್ಲಿ ಸುತ್ತಿ, ಬಿಸಿಲು ತಾಗದಂತೆ ಎದೆಗೆ ಅವಚಿಕೊಂಡು ಒಯ್ದಳು. ಅದೂ ಸತ್ತಿತು.

ಮೂರನೆಯ ಸಲ ಬಂದವಳು ಜಗಲಿ ಹತ್ತಲಿಲ್ಲ. ಮೆಟ್ಟಿಲ ಮೇಲೆಯೇ ಕುಳಿತಳು.

"ಅಕ್ಕಾ, ಹಿಟ್ಟು ನಿಮ್ಮಲ್ಲಿ ಉಬ್ತದೆ, ನನ್ನಲ್ಲಿ ಸಾಯ್ತದೆ. ನನ್ನ ಕೈಗುಣವೇ ಸರಿ ಇಲ್ಲ ಅಂತ ಕಾಣ್ತದೆ. ಬ್ರೆಡ್ಡು ಯಾವಾಗ ಅಂತ ದಿನಾ ಕೇಳ್ತಿದ್ದ ಅಜ್ಜ ಒಬ್ಬ ಇದ್ದ. ಮೊನ್ನೆ ಹೋಗಿಬಿಟ್ಟ. ಇದೊಂದು ಸಲ ನೋಡ್ತೇನೆ. ಆಗದಿದ್ದರೆ ಅಡುಗೆ ಕೆಲಸವನ್ನೇ ಬಿಡ್ತೇನೆ."

ಬ್ರೆಡ್ಡಿನವಳು ಭರಣಿಗೆ ಕೈ ಹಾಕಿದ್ದವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಸಂಜೆವರೆಗೆ ಕೂತಿರಿ" ಎಂದಳು. "ಹಿಟ್ಟಿಗೆ ಉಣಿಸಬೇಕು."

ಉಣಿಸಿದಳು. ಇಬ್ಬರೂ ಕಾದರು. ಬಿಸಿಲು ನೆತ್ತಿಗೆ ಬಂದಾಗ ಒಂದು ಚಿಟಿಕೆ ತೆಗೆದು ನೀರಿಗೆ ಬಿಟ್ಟಳು. ಮುಳುಗಿತು. ಅಡುಗೆಯವಳು ದಾರಿ ದೂರವೆಂದು ಚಡಪಡಿಸಿದಳು. ಆಗಲೇ ಕೊಟ್ಟು ಕಳಿಸಬಹುದಿತ್ತು. ಕಳಿಸಲಿಲ್ಲ. ಮತ್ತೆ ಕಾದರು. ಹೊತ್ತು ಇಳಿಯುವಾಗ ಇನ್ನೊಂದು ಚಿಟಿಕೆ ಬಿಟ್ಟಳು. ತೇಲಿತು. ಬ್ರೆಡ್ಡಿನವಳು ಅದನ್ನು ನೋಡುತ್ತ ನಿಂತಳು. ಇದು ಬದುಕುತ್ತದೆ, ಇವಳು ಇನ್ನು ಈ ಮೆಟ್ಟಿಲು ತುಳಿಯುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಆದರೂ ದೊಡ್ಡದೊಂದು ಮುದ್ದೆ ಕತ್ತರಿಸಿ ಕೊಟ್ಟಳು.

ಆಸ್ಪತ್ರೆಯಲ್ಲಿ ಹಿಟ್ಟು ಬದುಕಿತು. ಬ್ರೆಡ್ಡಿನವಳು ಅಂದಿನಿಂದ ಯಾರಿಗೂ ಹಸಿದ ಹಿಟ್ಟು ಕೊಡಲಿಲ್ಲ. ಮಳೆಗಾಲ ಬರುವ ಮೊದಲೇ ಜಗಲಿ ಬರಿದಾಯಿತು. ಕೊಟ್ಟದ್ದೆಲ್ಲ ಹೋದಲ್ಲಿ ಚೆನ್ನಾಗಿತ್ತು, ಅವಳು ಇದ್ದಲ್ಲಿ ಒಬ್ಬಳೇ ಇದ್ದಳು. ಅದು ಅವಳ ಪಾಲಿನದು, ಅವಳು ಅನುಭವಿಸಿದಳು.

ಆದರೆ ಒಂದು ಕೆಲಸ ಬಾಕಿ ಉಳಿಯಿತು. ಹಸಿದ ಹಿಟ್ಟು ಕೊಟ್ಟದ್ದು ನಾನು ಎಂಬ ಮಾತು ಆ ಸಂಜೆ ನಾಲಿಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋಗಿತ್ತು. ಹೇಳಲು ನಾಚಿಕೆ. ಘಟ್ಟದ ಮೇಲೆ ಆ ಅಡುಗೆಯವಳು ಬದುಕಿರುವವರೆಗೂ ಹುಳಿಹಿಟ್ಟನ್ನು ತಾನು ಮುಟ್ಟಲಿಲ್ಲ. ತನ್ನ ಕೈ ತಾಗಿದರೆ ಸತ್ತೀತು ಎಂದು ಹೆದರಿ, ದಿನವೂ ಬೇರೆಯವರ ಕೈಯಲ್ಲಿ ಕಲಸಿಸಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಪಂಪಣ್ಣನಿಗೆ ಸಿಟ್ಟು ಬಂದಿತ್ತು. "ಅದೊಂದು ಮಾತು ಹೇಳಿದ್ರ ಬ್ರೆಡ್ಡಿನಾಕಿ ಗಂಟೇನು ಹೋಗ್ತಿತ್ರಿ?" ಎಂದ. "ಪಾಪ, ಆ ಅಡುಗಿಯಾಕಿ ಏನು ತಪ್ಪು ಮಾಡಿದ್ಲು?"

ಗುರುಗಳಿಗೆ ಶಿಷ್ಯನ ಮುಖ ನೋಡಲು ಆಗಲಿಲ್ಲ.

"ಪಂಪಣ್ಣ, ನಿನ್ನ ಯೋಗ್ಯತೆಗೆ ಏನೂ ಕೊರತೆಯಿಲ್ಲ, ನೀನು ತಿರುಗಿ ಬರಲಿ ಎಂದು ಎರಡು ಸಲವೂ ಪೂರ್ತಿ ಕಲಿಸದೆ ನಿನ್ನನ್ನು ಅರೆಹೊಟ್ಟೆಯಲ್ಲಿ ಕಳಿಸಿದವನು ನಾನು" ಎಂದರು.