ಹೆಸರಿಲ್ಲದ ಆಕಾರ

"ಗುರುಗಳೇ, ಏನನ್ನೂ ಹೋಲದ ಚಿತ್ರವನ್ನು ಯಾರಾದರೂ ಏಕೆ ಮಾಡಬೇಕು?" ಎಂದು ಶಿಷ್ಯ ಕೇಳಿದ. ಅವನ ಕೈಯಲ್ಲಿ ಹಳೆಯ ಪುಸ್ತಕವೊಂದಿತ್ತು. ತೆರೆದ ಪುಟದಲ್ಲಿ ಒಂದು ಕಪ್ಪು ಆಕಾರ ಮಾತ್ರ ಇತ್ತು.

ಗುರುಗಳು ಹೇಳಿದರು:

ದೂರದ ದೇಶದಲ್ಲಿ ಒಬ್ಬ ಕೆತ್ತನೆಗಾರನಿದ್ದ. ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಮಸಿ ಬಳಿದು, ಕಾಗದದ ಮೇಲೆ ಅಚ್ಚೊತ್ತುವುದು ಅವನ ಕಸುಬು. ಯುದ್ಧ ಬಂತು. ಅರಸ ಅವನಿಂದ ಧ್ವಜ ಹಿಡಿದ ವೀರನ ಚಿತ್ರ ಮಾಡಿಸಿ ಊರೂರಿನ ಗೋಡೆಗೆ ಅಂಟಿಸಿದ. ಆ ವೀರನ ಮುಖ ಬಹಳ ಸುಂದರವಾಗಿತ್ತು. ಅದನ್ನು ನೋಡಿದ ಯುವಕರು ಸಾಲುಗಟ್ಟಿ ಸೈನ್ಯ ಸೇರಿದರು. ಕೆತ್ತನೆಗಾರನ ತಮ್ಮನೂ ಸೇರಿದ. ಚಳಿಗಾಲ ಮುಗಿಯುವುದರೊಳಗೆ ಅವನು ಸತ್ತ ಸುದ್ದಿ ಬಂತು.

ಕೆತ್ತನೆಗಾರ ಗಡಿ ದಾಟಿ, ಯುದ್ಧವಿಲ್ಲದ ನೆರೆಯ ದೇಶಕ್ಕೆ ಹೋದ. ಅಲ್ಲಿ ಅವನಂತೆಯೇ ಓಡಿಬಂದ ಕವಿಯೊಬ್ಬ ತನ್ನ ಪುಸ್ತಕಕ್ಕೆ ಚಿತ್ರ ಬೇಕೆಂದ. ಕೆತ್ತನೆಗಾರ ಉಳಿ ಹಿಡಿದ. ಮುಖ ಕೆತ್ತಲು ಹೋದರೆ ಕೈ ನಿಂತುಬಿಡುತ್ತಿತ್ತು. ಕುದುರೆಯನ್ನೋ ಮನೆಯನ್ನೋ ಕೆತ್ತಲೂ ಕೈ ಬರಲಿಲ್ಲ. ಕೊನೆಗೆ ಏನನ್ನೂ ನೆನೆಯದೆ, ಮರದ ನಾರು ಸಾಗಿದ ಕಡೆಗೆ ಉಳಿಯನ್ನು ಬಿಟ್ಟ. ಮಸಿ ಬಳಿದು, ಕಾಗದ ಒತ್ತಿ, ಮೆಲ್ಲಗೆ ಎತ್ತಿದ. ದುಂಡಗಿನ ಒಂದು ಆಕಾರ ಮೂಡಿತ್ತು. ಅಂಥದ್ದನ್ನು ಅವನು ಎಲ್ಲಿಯೂ ಕಂಡಿರಲಿಲ್ಲ. ತನ್ನ ಕೈಯಿಂದಲೇ ಬಂದದ್ದರ ಮುಂದೆ ಅವನು ಉಸಿರು ಬಿಗಿಹಿಡಿದು ನಿಂತ.

ಕವಿ ಆ ಚಿತ್ರವನ್ನೇ ತನ್ನ ಪುಸ್ತಕಕ್ಕೆ ಆರಿಸಿಕೊಂಡು, ಆ ಹಾಳೆಯನ್ನು ಕಾಫಿ ಅಂಗಡಿಯೊಂದರ ಗೋಡೆಗೆ ತೂಗುಹಾಕಿದ. ಬಂದವರು ಮೋಡವೋ ಕಲ್ಲೋ ಎಂದು ನಕ್ಕರು. ಅಲ್ಲಿ ನೆಲ ಒರೆಸುತ್ತಿದ್ದ ಮುದುಕಿಯೊಬ್ಬಳು ಮಾತ್ರ ಬಟ್ಟೆಯನ್ನು ಕೆಳಗಿಟ್ಟು ನಿಂತುಬಿಟ್ಟಳು. ಅವಳೂ ಗಡಿ ದಾಟಿ ಬಂದವಳು. ಮಗನನ್ನು ಅದೇ ಯುದ್ಧದಲ್ಲಿ ಕಳೆದುಕೊಂಡವಳು.

"ಇದು ಏನಪ್ಪಾ?" ಎಂದು ಅವಳು ಅಲ್ಲೇ ಕುಳಿತಿದ್ದ ಕೆತ್ತನೆಗಾರನನ್ನು ಕೇಳಿದಳು.

"ನನಗೂ ಗೊತ್ತಿಲ್ಲ, ತಾಯಿ."

"ಹುಟ್ಟಿದ ಗಳಿಗೆಯಲ್ಲಿ ನನ್ನ ಮಗ ಹೀಗೆಯೇ ಇದ್ದ," ಎಂದಳು ಮುದುಕಿ. "ಇನ್ನೂ ಹೆಸರಿಟ್ಟಿರಲಿಲ್ಲ. ಯಾವ ದೇಶದವನೂ ಆಗಿರಲಿಲ್ಲ."

ಅವಳು ಕೈ ಚಾಚಿದಳು. ಆದರೆ ಹಾಳೆಯನ್ನು ಮುಟ್ಟಲಿಲ್ಲ. ನಗುತ್ತಿದ್ದವರಲ್ಲಿ ಒಬ್ಬ ತಲೆಯ ಮೇಲಿನ ಟೋಪಿ ತೆಗೆದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಪುಟವನ್ನು ಮತ್ತೊಮ್ಮೆ ನೋಡಿ, "ಹಾಗಾದರೆ ಇದು ಮಗುವಿನ ಚಿತ್ರವೇ?" ಎಂದ.

"ಆ ತಾಯಿ ಎದುರು ನಿಂತಿದ್ದಷ್ಟು ಹೊತ್ತು ಮಗುವೇ ಆಗಿತ್ತು," ಎಂದರು ಗುರುಗಳು, "ಈಗ ಎದುರಿಗಿರುವವನು ನೀನು."