ಪಟ್ಟಿಯಲ್ಲಿ ಮೊದಲ ಹೆಸರು

ಕೇರಂ ಸಂಘದ ವೆಬ್‌ಸೈಟಿಗೆ ಸದಸ್ಯರ ಪಟ್ಟಿ ಹಾಕಬೇಕಿತ್ತು. "ನನ್ನ ಹೆಸರೇ ಮೊದಲಿರ್ಬೇಕು. ಇಲ್ದಿದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ" ಎಂದು ಕಂಪ್ಯೂಟರ್ ಆಪರೇಟರ್ ಸುಕನ್ಯಾಗೆ ಹೇಳಿದರು ಅಧ್ಯಕ್ಷ ಗುರುಲಿಂಗಪ್ಪ. ಸಂಜೆ ಕಾರ್ಯದರ್ಶಿ ಪದ್ಮನಾಭಯ್ಯ ಬಂದು ತಮ್ಮ ಹೆಸರಿನ ಬಗ್ಗೆಯೂ ಅದೇ ಮಾತು ಹೇಳಿದರು. ಇಬ್ಬರಿಗೂ ಕೇರಂ ಆಡಲು ಬರುತ್ತಿರಲಿಲ್ಲ.

ಸುಕನ್ಯಾ ಇಬ್ಬರಿಗೂ "ಆಗ್ಲಿ ಸಾರ್" ಅಂದಳು. ಪಟ್ಟಿ ತೋರಿಸುವ ಪ್ರೋಗ್ರಾಮಿನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದಳು. ಯಾರು ಲಾಗಿನ್ ಆದರೂ ಅವರಿಗೆ ಅವರ ಹೆಸರೇ ಮೇಲೆ ಕಾಣುತ್ತಿತ್ತು.

ಇಬ್ಬರೂ ಮೀಸೆ ತಿರುವಿಕೊಂಡು ಓಡಾಡಿದರು. ಕಡೆಗೆ ಒಂದು ಸಭೆಯಲ್ಲಿ ಮೊಬೈಲುಗಳನ್ನು ಪಕ್ಕಪಕ್ಕ ಹಿಡಿದಾಗ ಗುಟ್ಟು ರಟ್ಟಾಯಿತು.

"ಏನಮ್ಮಾ ಇದು? ಹಾಗಾದ್ರೆ ಉಳಿದ ಸದಸ್ಯರಿಗೆ ಯಾರ ಹೆಸರು ಮೊದಲು ಕಾಣ್ತಿದೆ?" ಎಂದು ಅಧ್ಯಕ್ಷರು ಗುಡುಗಿದರು.

"ಅವರವರದೇ ಕಾಣ್ಬೇಕು ಸಾರ್" ಎಂದಳು ಸುಕನ್ಯಾ. "ಆದ್ರೆ ನಿಮ್ಮಿಬ್ಬರನ್ನ ಬಿಟ್ಟು ಇದುವರೆಗೂ ಯಾರೂ ಸೈಟ್ ತೆಗೆದೇ ನೋಡಿಲ್ಲ."