ಸೌತೆಬಳ್ಳಿಗೆ ಕಟ್ಟಿದ ಪರದೆ

“ಗುರುಗಳೇ, ದೃಷ್ಟಿ ತಾಗುವುದು ನಿಜವೇ?”

ಕೇಳಿದವನು ಸಂಸಾರಸ್ಥನಾದ ಒಬ್ಬ ಶಿಷ್ಯ. ಉರಿಬಿಸಿಲಿನಲ್ಲಿ ನಡೆದು ಬಂದಿದ್ದ. ಕೈಗೆ ಕೊಟ್ಟ ನೀರನ್ನು ಕುಡಿಯುವ ಮೊದಲೇ ಈ ಪ್ರಶ್ನೆ ಕೇಳಿದ.

“ಮನೆಯಲ್ಲಿ ಎಲ್ಲರೂ ಕ್ಷೇಮವೇ?” ಎಂದರು ಗುರುಗಳು.

“ಇರುವವರೆಲ್ಲ ಕ್ಷೇಮ.”

ಗುರುಗಳು ಅವನ ಮುಖ ನೋಡಿದರು. “ಮೊದಲು ನೀರು ಕುಡಿ. ಆಮೇಲೆ ಕೇಳು” ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಹೆಂಡತಿ, ಇಬ್ಬರು ಮಕ್ಕಳು. ಜೊತೆಗೆ ಒಬ್ಬಳು ತಂಗಿ. ಗಂಡ ಸತ್ತ ಮೇಲೆ ಅವಳು ತವರಿಗೆ ಬಂದಿದ್ದಳು. ಅವಳಿಗೆ ಮಕ್ಕಳಿರಲಿಲ್ಲ.

ಬೇಸಿಗೆಯೆಂದರೆ ಮದುವೆಯ ಕಾಲ. ನೇಕಾರನಿಗೆ ಕೈತುಂಬ ಕೆಲಸ. ಬೆಳಗಿನಿಂದ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಹೊತ್ತು ಇಳಿದಾಗಲೇ ಏಳುತ್ತಿದ್ದ. ಎದ್ದವನು ನೇರ ಹಿತ್ತಲಿಗೆ ಹೋಗುತ್ತಿದ್ದ. ಅಲ್ಲಿ ತಂಗಿ ಬೆಳೆಸಿದ ಸೌತೆಬಳ್ಳಿಯ ಚಪ್ಪರವಿತ್ತು. ಅಕ್ಕಿ ತೊಳೆದ ನೀರನ್ನೂ ಅವಳು ಚೆಲ್ಲದೆ ಅದರ ಬುಡಕ್ಕೆ ಹಾಕುತ್ತಿದ್ದಳು. ಸಂಜೆ ನೆಲಕ್ಕೆ ನೀರು ಚಿಮುಕಿಸಿ ಚಾಪೆ ಹಾಸುತ್ತಿದ್ದಳು. ಊಟವೂ ಅಲ್ಲೇ. ಮಕ್ಕಳು ಕಿತ್ತು ತಂದ ಸೌತೆಯನ್ನು ಅವಳು ಸೀಳಿ ಉಪ್ಪುಖಾರ ಸವರಿ ಕೊಡುತ್ತಿದ್ದಳು. ಖಾರಕ್ಕೆ ಮಕ್ಕಳು ಕುಣಿದರೆ ದೊಡ್ಡವರು ನಗುತ್ತಿದ್ದರು. ದಿನದ ಉಳಿದ ಹೊತ್ತಿನಲ್ಲಿ ಆ ಮನೆಯಲ್ಲಿ ಮಗ್ಗದ ಸದ್ದೇ ಹೆಚ್ಚು.

ಎಳೆಯ ಮಿಡಿಗೆ ಬೆರಳು ತೋರಿಸಿದರೆ ಅದು ಉದುರುತ್ತದೆಂದು ಆ ಕಡೆಯ ಜನ ನಂಬುತ್ತಾರೆ. ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ಮಕ್ಕಳಿಗೆ ಹಾಗೆ ಬೆರಳು ಮಡಚಲು ಕಲಿಸಿದವಳೂ ಆ ತಂಗಿಯೇ.

ಒಂದು ವರ್ಷ ಬಳ್ಳಿ ಎಂದೂ ಇಲ್ಲದಷ್ಟು ಹಬ್ಬಿತು. ಪಕ್ಕದ ಮನೆಯ ಹೆಂಗಸು ಮಾಳಿಗೆಯ ಮೇಲೆ ಹಪ್ಪಳ ಒಣಗಿಸುತ್ತಾ ಕೆಳಗೆ ನೋಡಿ, “ಅಬ್ಬಾ, ಏನು ಹೂವು, ಏನು ಮಿಡಿ! ನಮ್ಮ ಹಿತ್ತಲಿಗೆ ಈ ಭಾಗ್ಯ ಇಲ್ಲವಲ್ಲ” ಎಂದಳು.

ಆ ಮಾತು ಕೇಳಿ ನೇಕಾರನಿಗೆ ದೃಷ್ಟಿಯ ಭಯ ಹಿಡಿಯಿತು. ಮರುದಿನವೇ ಚಪ್ಪರಕ್ಕೆ ಸುಣ್ಣದ ಬೊಟ್ಟಿಟ್ಟ ಮಡಕೆ ಕಟ್ಟಿದ. ಅಷ್ಟಾದರೂ ಧೈರ್ಯ ಬರಲಿಲ್ಲ. ಅವನ ಮನೆಯಲ್ಲಿ ಬಟ್ಟೆಗೇನು ಬರವೇ? ತೆಳುವಾದ ಬಟ್ಟೆಗಳನ್ನು ಒಂದಕ್ಕೊಂದು ಹೊಲಿದು ಚಪ್ಪರದ ಸುತ್ತಲೂ ಇಳಿಬಿಟ್ಟ. ಮಾಳಿಗೆಯಿಂದಲೂ ಕಾಣಬಾರದೆಂದು ಮೇಲೆಯೂ ಹೊದಿಸಿದ. ಬಿಸಿಲು ಒಳಗೆ ಇಳಿಯುತ್ತಿತ್ತು, ಯಾರ ಕಣ್ಣೂ ಇಳಿಯುತ್ತಿರಲಿಲ್ಲ. ಅವನಿಗೆ ನೆಮ್ಮದಿಯಾಯಿತು.

ವಾರ ಕಳೆಯುವುದರೊಳಗೆ ಮಿಡಿಗಳು ಹಳದಿಯಾಗಿ ಉದುರತೊಡಗಿದವು.

ದಡ್ಡನಾಗಿದ್ದರೆ ಅವನು ಹಣೆಬರಹವೆಂದು ಸುಮ್ಮನಾಗುತ್ತಿದ್ದ. ಪಾಪ, ಅವನು ಬುದ್ಧಿವಂತ. ಮಗ್ಗದ ಗುಂಡಿಯಲ್ಲಿ ಕೂತು ಲೆಕ್ಕ ಹಾಕಿದ. ಹೊರಗಿನ ಕಣ್ಣಿಗೆ ಪರದೆ ಹಾಕಿದ್ದೇನೆ. ಆದರೂ ಮಿಡಿ ಉದುರುತ್ತಿದೆ. ಹಾಗಾದರೆ ಕಣ್ಣು ಮನೆಯ ಒಳಗಿನದು. ನಾನು ಗಂಡ, ಇವಳು ಹೆಂಡತಿ, ಇವು ನಮ್ಮ ಮಕ್ಕಳು. ನಮ್ಮ ಸುಖ ಕಂಡು ಕರುಬುವವರು ಇಲ್ಲಿ ಇನ್ನು ಯಾರಿದ್ದಾರೆ?

ಮೊದಲು ಅವನು ತಂಗಿಗೆ ಚಪ್ಪರದ ಹತ್ತಿರ ಬರಬೇಡವೆಂದ. ಅವಳು ಬರಲಿಲ್ಲ. ಮಿಡಿ ಉದುರುವುದು ನಿಲ್ಲಲಿಲ್ಲ. ಆಮೇಲೆ ಮಕ್ಕಳಿಗೆ ಊಟ ಬಡಿಸಬೇಡವೆಂದ. ಕೊನೆಗೆ ಒಂದು ಮಧ್ಯಾಹ್ನ, “ಗಂಡನ ಮನೆಗೆ ಹೋಗು” ಎಂದ.

“ಅಣ್ಣಾ, ಅಲ್ಲಿ ನನ್ನನ್ನು ಯಾರು ಸೇರಿಸಿಕೊಳ್ಳುತ್ತಾರೆ? ಹೋಗಲೇಬೇಕೆಂದರೆ ಹೋಗುತ್ತೇನೆ. ಒಂದು ಮಳೆಯಾದರೂ ಬೀಳಲಿ. ಈ ಬಿಸಿಲಿನಲ್ಲಿ ಅಷ್ಟು ದೂರ ಹೇಗೆ ನಡೆಯಲಿ?”

“ಮಳೆ ಬರುವಷ್ಟರಲ್ಲಿ ನನ್ನ ಬಳ್ಳಿ ಉಳಿದಿರಬೇಕಲ್ಲ” ಎಂದ ನೇಕಾರ.

ಹೆಂಡತಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ತಡೆಯಬೇಕೆಂದು ಅವಳಿಗೆ ಅನಿಸಿತು. ತಡೆದರೆ ತನ್ನ ಮೇಲೆಯೇ ಮಾತು ಬಂದೀತೆಂದು ಸುಮ್ಮನಾದಳು. ತಂಗಿ ಎರಡು ಸೀರೆ ಗಂಟು ಕಟ್ಟಿಕೊಂಡು ಹೊರಟಳು. ಅತ್ತೆ ನೆಂಟರ ಮನೆಗೆ ಹೋದಳೆಂದು ಮಕ್ಕಳಿಗೆ ಹೇಳಿದರು.

ಅವಳು ಹೋದ ಕೆಲವೇ ದಿನಕ್ಕೆ ಬಿರುಗಾಳಿ ಎದ್ದು ಪರದೆಯನ್ನೆಲ್ಲ ಕಿತ್ತೊಗೆಯಿತು. ಮಳೆ ಮಾತ್ರ ಬೀಳಲಿಲ್ಲ. ಮದುವೆಯ ಸೀರೆ ಮುಗಿಸುವ ಅವಸರದಲ್ಲಿ ನೇಕಾರ ಮತ್ತೆ ಪರದೆ ಕಟ್ಟಲಿಲ್ಲ. ಮಿಡಿಗಳು ಉದುರದೆ ನಿಂತವು. ಬಲಿತವು. ನೇಕಾರನಿಗೆ ಹಿಡಿಸಲಾರದ ಸಂತೋಷ. ಕಂಡಕಂಡವರನ್ನು ಕರೆದು, “ನೋಡಿದಿರಾ? ಅವಳು ಹೊರಗೆ ಕಾಲಿಟ್ಟಳು, ಬಳ್ಳಿ ಕಾಯಿ ಹಿಡಿಯಿತು” ಎಂದ. ಬಂದವರು ತಲೆಯಾಡಿಸಿ, ಆಗಲೇ ಅನುಮಾನ ಇತ್ತು ಎಂದು ಹೇಳಿ, ಅವನು ಕೊಟ್ಟ ಸೌತೆ ತಿಂದು ಹೋದರು. ಅವರಲ್ಲಿ ಒಬ್ಬರಿಗೂ ನಾಚಿಕೆಯಾಗಲಿಲ್ಲ.

ಇಷ್ಟು ಜನ ಬಂದು ನೋಡಿದ ಮೇಲೆ ಅವನಿಗೆ ಪುನಃ ಭಯ ಹುಟ್ಟಿತು. ಹೊಸ ಬಟ್ಟೆ ತಂದು ಮೊದಲಿಗಿಂತ ಬಿಗಿಯಾಗಿ ಚಪ್ಪರ ಮುಚ್ಚಿದ.

ಮಿಡಿಗಳು ಮತ್ತೆ ಹಳದಿಯಾದವು.

ಆ ಸಂಜೆ ಎಲ್ಲರೂ ಒಳಗೇ ಊಟಕ್ಕೆ ಕೂತಿದ್ದರು. ನೇಕಾರ ತುತ್ತು ಎತ್ತದೆ ಒಬ್ಬೊಬ್ಬರ ಮುಖವನ್ನೇ ನೋಡಿದ. ಹೆಂಡತಿ ತಲೆ ತಗ್ಗಿಸಿದಳು. ದೊಡ್ಡ ಮಗ ಎದ್ದು ಹೋದ. ಚಿಕ್ಕ ಮಗಳು ಎಂಜಲು ಕೈಯಲ್ಲೇ ಕಣ್ಣು ಮುಚ್ಚಿಕೊಂಡಳು.

“ಅಪ್ಪಾ, ನಾನು ಬಳ್ಳಿ ನೋಡಿಲ್ಲ. ಆಣೆಗೂ ನೋಡಿಲ್ಲ. ನನ್ನ ಕಳಿಸಬೇಡ” ಎಂದು ಅಳತೊಡಗಿದಳು.

ಕೈಯಲ್ಲಿದ್ದ ಖಾರ ಕಣ್ಣಿಗೆ ಹತ್ತಿ ಅವಳು ಕಿರುಚಿದಳು. ಆದರೂ ಕೈ ತೆಗೆಯಲಿಲ್ಲ. ತಾಯಿ ಬಲವಂತವಾಗಿ ಬಿಡಿಸಿ ಕಣ್ಣು ತೊಳೆಯಬೇಕಾಯಿತು.

ಬೆಳಗ್ಗೆ ನೇಕಾರ ಮಗ್ಗಕ್ಕೆ ಇಳಿಯಲಿಲ್ಲ. ಹಿತ್ತಲಿನಲ್ಲಿ ಸುಮ್ಮನೆ ಕೂತ. ಬಿಸಿಲು ಏರಿದಂತೆ ಜೇನುನೊಣಗಳು ಬಂದವು. ಒಳಗೆ ಹೂವು ಅರಳಿತ್ತು. ನೊಣಗಳು ಪರದೆಯ ಮೇಲೆ ಹರಿದಾಡಿದವು, ದಾರಿ ಹುಡುಕಿದವು, ಹಿಂದಕ್ಕೆ ಹಾರಿದವು. ಇದು ದಿನವೂ ಅವನ ಕಣ್ಣೆದುರಿಗೇ ನಡೆದಿತ್ತು. ಅವನು ಮನುಷ್ಯರ ಕಣ್ಣುಗಳನ್ನು ಕಾಯುತ್ತಿದ್ದುದರಿಂದ ನೊಣಗಳ ಕಡೆ ಗಮನ ಕೊಟ್ಟಿರಲಿಲ್ಲ. ಹೂವಿನಿಂದ ಹೂವಿಗೆ ನೊಣ ಹೋಗದೆ ಕಾಯಿ ನಿಲ್ಲುವುದಿಲ್ಲವೆಂಬುದು ಬಳ್ಳಿ ಬೆಳೆಸುವ ಎಲ್ಲರಿಗೂ ಗೊತ್ತು. ಅವನಿಗೂ ಗೊತ್ತಿತ್ತು.

ಅವನು ಪರದೆಯನ್ನು ಹರಿದು ಹಾಕಿದ. ಆ ಗಳಿಗೆಯಲ್ಲೇ ತಂಗಿಯ ಗಂಡನ ಊರಿಗೆ ಹೊರಟ. ಅವಳ ಕಾಲು ಹಿಡಿದಾದರೂ ಸರಿ, ಕರೆದುಕೊಂಡೇ ಬರುತ್ತೇನೆಂದು ಹೆಂಡತಿಗೆ ಹೇಳಿದ. ದಾರಿಯುದ್ದಕ್ಕೂ ಒಂದು ಮರವಿರಲಿಲ್ಲ, ಬಾವಿಯಿರಲಿಲ್ಲ. ಅಂಗಾಲು ಸುಟ್ಟು ಬೊಬ್ಬೆ ಎದ್ದಿತು.

ಆ ಮನೆಯ ಹಿರಿಯ ಬಾಗಿಲಲ್ಲೇ ಎದುರಾದ.

“ನನ್ನ ತಂಗಿಯನ್ನು ಕರೆಯಿರಿ” ಎಂದ ನೇಕಾರ.

“ಅವಳು ಇಲ್ಲಿಗೆ ಬಂದೇ ಇಲ್ಲವಲ್ಲ! ತವರಿನಲ್ಲಿ ಸುಖವಾಗಿದ್ದಾಳೆ ಅಂದುಕೊಂಡಿದ್ದೆವು” ಎಂದ ಹಿರಿಯ.

ನೇಕಾರ ಬಂದ ದಾರಿಯಲ್ಲೇ ಹುಡುಕುತ್ತಾ ತಿರುಗಿದ. ನಡುವೆ ಬಯಲಿನ ಆಚೆ ಒಂದು ಕುರಿಹಟ್ಟಿಯಿತ್ತು. ಅಲ್ಲಿಯವರು ಕೆಲವು ದಿನಗಳ ಹಿಂದೆ ಬಯಲಿನಲ್ಲಿ ಬಿದ್ದಿದ್ದ ಒಬ್ಬ ಹೆಂಗಸನ್ನು ಮಣ್ಣು ಮಾಡಿದ್ದರು. ಪಕ್ಕದಲ್ಲಿ ಒಂದು ಬಟ್ಟೆಯ ಗಂಟಿತ್ತಂತೆ. ಯಾರ ಮನೆಯವಳೋ ತಿಳಿಯದೆ, ತಾವೇ ಹಿಡಿಮಣ್ಣು ಹಾಕಿದೆವೆಂದರು. ಗಂಟು ತಂದು ತೋರಿಸಿದರು. ಒಳಗಿದ್ದ ಎರಡೂ ಸೀರೆಗಳು ಅವನೇ ನೇಯ್ದು ಕೊಟ್ಟವು.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು.

ಶಿಷ್ಯ ಹೊದ್ದ ವಸ್ತ್ರದಿಂದ ಮುಖ ಒರೆಸಿಕೊಂಡ. “ಹಾಗಾದರೆ ದೃಷ್ಟಿ ಎಂಬುದು ಸುಳ್ಳು ಎಂದಾಯಿತಲ್ಲವೇ, ಗುರುಗಳೇ?” ಎಂದ.

“ಅದಿರಲಿ, ನಿನ್ನ ಮನೆಯಿಂದ ನೀನು ಕಳಿಸಿದವರು ಊರು ಸೇರಿದ ಸುದ್ದಿ ಬಂತೇ?”